ಐಸ್ ಸ್ಟಾರ್ಮ್ ಬಂದಾಗ ಮನೆಯೊಳಗೇ ಇರುವುದು ಹೇಗೆ, ಹೊತ್ತು ಕಳೆಯುವುದು ಹೇಗೆ

ಹಿಮ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಐಸ್ ಸ್ಟಾರ್ಮ್ ಹಾಗಲ್ಲ. ಕಿಟಕಿಯಿಂದ ನೋಡಿದರೆ ಸುಮ್ನೆ ಜಿಟಿಜಿಟಿ ಮಳೆ. ರಸ್ತೆ ಒದ್ದೆಯಾಗಿದೆ, ಅಷ್ಟೇ ಅನ್ನಿಸುತ್ತದೆ. ಕಾಲಿಟ್ಟಾಗಲೇ ಗೊತ್ತಾಗುವುದು ಅದು ನೀರಲ್ಲ, ಗಟ್ಟಿ ಮಂಜುಗಡ್ಡೆ ಅಂತ.

ಆಗುವುದು ಇಷ್ಟು. ಮೇಲೆ ಹಿಮವಾಗಿ ಹೊರಟದ್ದು ನಡುವೆ ಒಂದು ಬೆಚ್ಚನೆಯ ಗಾಳಿಯ ಪದರ ಸಿಕ್ಕಿ ಕರಗಿ ಮಳೆಯಾಗುತ್ತದೆ. ನೆಲದ ಹತ್ತಿರ ಮತ್ತೆ ಸೊನ್ನೆ ಡಿಗ್ರಿಗಿಂತ ತಣ್ಣಗಿನ ತೆಳು ಪದರ. ಅಲ್ಲಿ ಹನಿ ಗಟ್ಟಿಯಾಗುವಷ್ಟು ಹೊತ್ತು ಸಿಗುವುದಿಲ್ಲ. ನೀರಾಗಿಯೇ ಕೆಳಗೆ ಬಂದು, ಏನನ್ನು ಮುಟ್ಟಿತೋ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಆ ತಣ್ಣನೆಯ ಪದರ ದಪ್ಪ ಇದ್ದರೆ ಹನಿ ಗಾಳಿಯಲ್ಲೇ ಗಟ್ಟಿಯಾಗಿ ಸಣ್ಣ ಕಾಳುಗಳಾಗಿ ಬೀಳುತ್ತದೆ. ಅದು ಸ್ಲೀಟ್. ಪುಟಿದು ಉದುರುತ್ತದೆ, ಅಂಟಿಕೊಳ್ಳುವುದಿಲ್ಲ. ನಿಜವಾದ ತೊಂದರೆ ಅಂಟಿಕೊಳ್ಳುವ ಮಳೆಯದ್ದು.

ಮನೆ ಮುಂದಿನ ಗಿಡದ ಒಂದು ಕಡ್ಡಿಯನ್ನೇ ನೋಡುತ್ತಿರಿ. ಬೆಳಗ್ಗೆ ಪೆನ್ಸಿಲ್‌ಗಿಂತ ತೆಳ್ಳಗಿದ್ದದ್ದು ಸಂಜೆಯ ಹೊತ್ತಿಗೆ ಹೆಬ್ಬೆರಳಿನಷ್ಟು ದಪ್ಪ ಆಗಿರಬಹುದು. ಒಳಗಿನ ಮೊಗ್ಗು, ತೊಗಟೆಯ ಗೆರೆ ಎಲ್ಲಾ ಸ್ಪಷ್ಟವಾಗಿ ಕಾಣುತ್ತದೆ. ಕೊಂಬೆಯ ತೂಕ ಹೀಗೆ 30 ಪಟ್ಟಿನವರೆಗೂ ಏರಬಲ್ಲದು. ಅಮೆರಿಕದ ಹವಾಮಾನ ಸೇವೆ ಹೆಚ್ಚಿನ ಕಡೆ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ಐಸ್ ಕೂರುವ ಸೂಚನೆ ಇದ್ದರೆ ಸಾಕು, ಐಸ್ ಸ್ಟಾರ್ಮ್ ಎಚ್ಚರಿಕೆ ಕೊಡುತ್ತದೆ. ನೋಡಲು ಚೆಂದ. ಮರಕ್ಕೂ ತಂತಿಗೂ ಆ ಭಾರ ತಡೆಯುವುದಿಲ್ಲ.

1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್, ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹೀಗೆ ದಿನಗಟ್ಟಲೆ ಮಳೆ ಸುರಿಯಿತು. ಉಕ್ಕಿನ ದೊಡ್ಡ ವಿದ್ಯುತ್ ಗೋಪುರಗಳೇ ಮಡಚಿಕೊಂಡು ನೆಲಕ್ಕೆ ಬಿದ್ದವು. ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯಿತು. ಕೆಲವರಿಗೆ ವಾಪಸ್ ಬರಲು ಒಂದು ತಿಂಗಳೇ ಹಿಡಿಯಿತು. ಆಗ ಸತ್ತವರಲ್ಲಿ ಜನರೇಟರ್, ಹೀಟರ್‌ಗಳ ವಿಷಗಾಳಿಯಿಂದ ಮನೆಯೊಳಗೇ ಸತ್ತವರೂ ಇದ್ದರು.

ಇಂಥ ಹೊತ್ತಿನ ಅನಾಹುತಗಳನ್ನು ನೋಡಿದರೆ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಚಳಿ ತಾಳಲಾರದೆ ಹೊರಗಿರಬೇಕಾದ್ದನ್ನು ಒಳಗೆ ತರುವುದು. ಬೇಸರ ತಾಳಲಾರದೆ ಒಳಗಿರಬೇಕಾದವರು ಹೊರಗೆ ಹೋಗುವುದು. ಮೊದಲನೆಯದರ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಎರಡನೆಯದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಇಲ್ಲಿ ಹೊತ್ತು ಕಳೆಯುವ ವಿಷಯಕ್ಕೂ ಟಾರ್ಚು, ಕಂಬಳಿಯಷ್ಟೇ ಜಾಗ ಕೊಟ್ಟಿದ್ದೇನೆ.

ಮುನ್ಸೂಚನೆ ಬಂದ ದಿನ

ಮೊದಲು ಒಂದು ನಿರ್ಧಾರ. ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ದಿನ ತುಂಬಿದ ಗರ್ಭಿಣಿ ಇದ್ದರೆ ಮಳೆ ಶುರುವಾಗುವ ಮೊದಲೇ ಆಸ್ಪತ್ರೆಗೆ ಹತ್ತಿರದ ಜಾಗಕ್ಕೆ ಹೋಗಿಬಿಡಿ. ಶುರುವಾದ ಮೇಲೆ ಆಂಬುಲೆನ್ಸ್ ಕೂಡ ಜಾರುತ್ತದೆ.

ಉಳಿದವರು ಹೀಗೆ ಮಾಡಿ.

1. ಫೋನು, ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಟಾರ್ಚು ಎಲ್ಲವನ್ನೂ ಚಾರ್ಜ್‌ಗೆ ಹಾಕಿ. ಬ್ಯಾಟರಿ ರೇಡಿಯೊ ಇದ್ದರೆ ಹೊರಗೆ ತೆಗೆಯಿರಿ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯ ಅಲಾರಂ ಮತ್ತು ಹೊಗೆ ಅಲಾರಂನ ಬ್ಯಾಟರಿ ಬದಲಿಸಿ.

2. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಕನಿಷ್ಠ ಮೂರು ದಿನಕ್ಕಾಗುವಷ್ಟು ನೀರು ಹಿಡಿದಿಡಿ. ಬಕೆಟ್ಟು, ಟಬ್ಬು ಇದ್ದದ್ದೆಲ್ಲ ತುಂಬಿಸಿ, ಟಾಯ್ಲೆಟ್‌ಗೆ ಸುರಿಯಲು ಬೇಕು. ಬಾವಿ, ಬೋರ್‌ವೆಲ್ ನೀರಿನ ಮನೆಯಾದರೆ ಕರೆಂಟು ಹೋದ ಕೂಡಲೇ ಪಂಪೂ ನಿಲ್ಲುತ್ತದೆ ಅನ್ನುವುದನ್ನು ಮರೆಯಬೇಡಿ.

3. ಬಟ್ಟೆ ಒಗೆದು ಒಣಗಿಸಿ, ಪಾತ್ರೆ ತೊಳೆದಿಡಿ. ಎಲ್ಲರೂ ಬಿಸಿನೀರಿನ ಸ್ನಾನ ಮುಗಿಸಿ. ಕೊಳಕು ಸಿಂಕಿನ ಜೊತೆ ಕತ್ತಲಲ್ಲಿ ಕೂರುವಷ್ಟು ಬೇಜಾರು ಇನ್ನೊಂದಿಲ್ಲ.

4. ಬಿಸಿ ಮಾಡದೆ ತಿನ್ನಬಹುದಾದ ಆಹಾರ ಜೋಡಿಸಿ. ಡಬ್ಬಿ ಆಹಾರ ತಂದಿದ್ದರೆ ಕೈಯಲ್ಲಿ ತಿರುಗಿಸುವ ಓಪನರ್ ಇದೆಯೇ ನೋಡಿ. ಹೆಚ್ಚಿನವರು ಮರೆಯುವುದು ಇದನ್ನೇ.

5. ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ತೋರಿಸಿ, ಒಮ್ಮೆ ತಿರುಗಿಸಿಯೂ ನೋಡಿ. ಕರೆಂಟಿನಿಂದ ತೆರೆಯುವ ಗ್ಯಾರೇಜ್ ಬಾಗಿಲಿದ್ದರೆ ಅದನ್ನು ಕೈಯಿಂದ ಎತ್ತುವುದು ಹೇಗೆಂದು ಬೆಳಕಿರುವಾಗಲೇ ಕಲಿತುಕೊಳ್ಳಿ.

6. ಒಂದು ಲೋಟದಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮೇಲೆ ಒಂದು ನಾಣ್ಯ ಇಟ್ಟುಬಿಡಿ. ಇದರ ಉಪಯೋಗ ಮುಂದೆ ಹೇಳುತ್ತೇನೆ. ಫ್ರೀಜರ್‌ನಲ್ಲಿ ಖಾಲಿ ಜಾಗ ಇದ್ದರೆ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಇಡಿ. ತುಂಬಿದ ಫ್ರೀಜರ್ ತಂಪನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಮನೆಯಿಂದಲೇ ಕೆಲಸ ಮಾಡುವವರು ಆಫೀಸಿಗೆ ಮೊದಲೇ ಒಂದು ಸಾಲು ಬರೆದು ಹಾಕಿ: ನಾನು ಇದ್ದಕ್ಕಿದ್ದಂತೆ ಮಾಯವಾಗಬಹುದು.

ಕರೆಂಟು ಹೋದ ಮೊದಲ ಗಂಟೆ

ಗಡಿಯಾರ ನೋಡಿ ಸಮಯ ಬರೆದಿಡಿ. ಹೀಟರ್, ಓವನ್, ಟಿವಿ, ಕಂಪ್ಯೂಟರ್ ಎಲ್ಲದರ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಕರೆಂಟು ಬರುವಾಗ ಏರಿಳಿತ ಜಾಸ್ತಿ. ಒಂದು ಬಲ್ಬ್ ಮಾತ್ರ ಆನ್ ಇರಲಿ, ಬಂದದ್ದು ಗೊತ್ತಾಗಲಿ. ವಿದ್ಯುತ್ ಕಂಪನಿಗೆ ತಿಳಿಸಿ. ಫೋನನ್ನು ಬ್ಯಾಟರಿ ಉಳಿಸುವ ಮೋಡ್‌ಗೆ ಹಾಕಿ, ಕರೆ ಬಿಟ್ಟು ಮೆಸೇಜ್ ಮಾಡಿ.

ಫ್ರಿಜ್ ಬಾಗಿಲು ತೆರೆಯಬೇಡಿ. ಮುಚ್ಚಿಟ್ಟ ಫ್ರಿಜ್‌ನಲ್ಲಿ ಆಹಾರ ಸುಮಾರು 4 ಗಂಟೆ ಚೆನ್ನಾಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಹೊರಗೆ ಹೇಗೂ ಚಳಿ ಇದೆಯಲ್ಲ, ಆಹಾರವನ್ನು ಅಲ್ಲೇ ಇಡೋಣ ಅನ್ನಿಸುತ್ತದೆ. ಬೇಡ. ಬಿಸಿಲು ಬಿದ್ದರೆ ಬಿಸಿಯಾಗುತ್ತದೆ, ಪ್ರಾಣಿಗಳು ಬರುತ್ತವೆ. ಅದರ ಬದಲು ಡಬ್ಬಿಗಳಲ್ಲಿ ನೀರು ತುಂಬಿ ಬಾಗಿಲ ಬಳಿ ಹೊರಗಿಡಿ. ಐಸ್ ಆದ ಮೇಲೆ ತಂದು ಫ್ರಿಜ್‌ಗೆ ಸೇರಿಸಿ.

ಮನೆ ಬೇಡ, ಒಂದು ಕೋಣೆ ಸಾಕು

ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಟ್ಟುಬಿಡಿ. ಚಿಕ್ಕದಾದ, ಕಿಟಕಿ ಕಡಿಮೆ ಇರುವ ಒಂದು ಕೋಣೆ ಆರಿಸಿಕೊಳ್ಳಿ. ಹಗಲು ಬಿಸಿಲು ಬೀಳುವ ಕಿಟಕಿ ಒಂದಿದ್ದರೆ ಇನ್ನೂ ಒಳ್ಳೆಯದು. ಬಿಸಿಲಿದ್ದಾಗ ಪರದೆ ತೆಗೆಯಿರಿ, ಇಳಿದ ಕೂಡಲೇ ಮುಚ್ಚಿ ಮೇಲೊಂದು ಕಂಬಳಿ ನೇತುಹಾಕಿ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುರುಳಿ ಸುತ್ತಿ ಒತ್ತಿ.

ಚಳಿ ಗಾಳಿಯಿಂದ ಮಾತ್ರ ಬರುವುದಿಲ್ಲ, ನೆಲದಿಂದಲೂ ಏರುತ್ತದೆ. ನಾಲ್ಕು ಕಂಬಳಿ ಇದ್ದರೆ ನಾಲ್ಕನ್ನೂ ಹೊದೆಯಬೇಡಿ, ಎರಡು ಕೆಳಗಿರಲಿ. ಅದಕ್ಕೂ ಅಡಿಗೆ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ. ಟೆಂಟ್ ಇದ್ದರೆ ಕೋಣೆಯೊಳಗೇ ಹಾಕಿ. ಇಲ್ಲದಿದ್ದರೆ ಮೇಜಿನ ಮೇಲೆ ಬೆಡ್‌ಶೀಟ್ ಇಳಿಬಿಟ್ಟರೆ ಆಯ್ತು. ನಾಲ್ಕು ಜನ ಒಳಗೆ ಕೂತರೆ ಮೈ ಶಾಖಕ್ಕೇ ಬೆಚ್ಚಗಾಗುತ್ತದೆ. ಮಕ್ಕಳಿಗಂತೂ ಅರ್ಧ ದಿನದ ಆಟ ಅಲ್ಲೇ ಸಿಕ್ಕಿತು. ಟೆಂಟಿನೊಳಗೆ ಮೇಣದಬತ್ತಿ ಮಾತ್ರ ಬೇಡವೇ ಬೇಡ.

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ಮೇಲು. ಟೋಪಿ, ಕಾಲುಚೀಲ ಇರಲಿ. ಒದ್ದೆಯಾದದ್ದನ್ನು, ಬೆವರಿದ್ದನ್ನು ತಕ್ಷಣ ಬದಲಿಸಿ. ಹಸುಗೂಸನ್ನು ಮಲಗಿಸುವಾಗ ಸಡಿಲ ಕಂಬಳಿ ಹೊದಿಸಬೇಡಿ, ಉಸಿರು ಕಟ್ಟೀತು. ಮೈಗೆ ಸರಿಹೊಂದುವ ಬೆಚ್ಚನೆಯ ಬಟ್ಟೆ ಹಾಕಿ.

ವಯಸ್ಸಾದವರ ಮೇಲೆ ಒಂದು ಕಣ್ಣಿರಲಿ. ಅವರು ಚಳಿ ಅಂತ ಹೇಳುವುದೇ ಕಡಿಮೆ. ಮಾತು ತೊದಲುವುದು, ಕೈಯಲ್ಲಿ ಲೋಟ ನಿಲ್ಲದಿರುವುದು, ವಿಪರೀತ ನಿದ್ದೆ ಮಂಪರು ಬಂದರೆ ಮೈ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಿರಬಹುದು. ನಡುಗುತ್ತಿದ್ದವರ ನಡುಕ ತಾನಾಗಿ ನಿಂತರೆ ಅದು ಇನ್ನೂ ಕೆಟ್ಟ ಸೂಚನೆ. ತಕ್ಷಣ ತುರ್ತು ಸಹಾಯಕ್ಕೆ ಕರೆ ಮಾಡಿ. ಎದೆ, ಕುತ್ತಿಗೆ, ಹೊಟ್ಟೆ ಮೊದಲು ಬೆಚ್ಚಗಾಗಲಿ. ಕೈಕಾಲು ಉಜ್ಜಬೇಡಿ. ಎಚ್ಚರವಿದ್ದರೆ ಬಿಸಿಯಾದ, ಸಿಹಿಯಾದ ಏನಾದರೂ ಕುಡಿಸಿ. ಮದ್ಯ ಕೊಡಬೇಡಿ. ಅದು ಬಿಸಿ ಅನ್ನಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು.

ಒಳಗೆ ಉರಿಸಬಾರದ್ದು

ಈ ಭಾಗವನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಜನರೇಟರ್ ಮನೆಯಿಂದ, ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ ಇರಬೇಕು. ಹೊಗೆ ಮನೆ ಕಡೆ ಬರಬಾರದು. ಗ್ಯಾರೇಜ್‌ನಲ್ಲಿ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಇದ್ದಿಲ ಒಲೆ, ಗ್ರಿಲ್, ಕ್ಯಾಂಪ್ ಸ್ಟೌವ್ ಒಳಗೆ ತರಬೇಡಿ. ಅಡುಗೆಯ ಗ್ಯಾಸ್ ಒಲೆಯಲ್ಲಿ ಕೋಣೆ ಕಾಯಿಸಬೇಡಿ. ಫೋನ್ ಚಾರ್ಜ್ ಮಾಡಲು ಗ್ಯಾರೇಜ್ ಒಳಗೆ ಕಾರು ಸ್ಟಾರ್ಟ್ ಮಾಡಬೇಡಿ.

ಕಾರಣ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಫ್ಲೂ ಇರಬೇಕು ಅಂದುಕೊಂಡು ಮಲಗುತ್ತಾರೆ, ಮತ್ತೆ ಏಳುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂತು ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಬಂದು ಸಹಾಯಕ್ಕೆ ಕರೆ ಮಾಡಿ. ಮನೆಯೊಳಗೇ ಇರಿ ಅನ್ನುವ ಮಾತು ಇದೊಂದಕ್ಕೆ ಅನ್ವಯಿಸುವುದಿಲ್ಲ.

ಜನರೇಟರ್ ವೈರನ್ನು ಗೋಡೆಯ ಸಾಕೆಟ್‌ಗೆ ಚುಚ್ಚುವ ಜಾಣತನವೂ ಬೇಡ. ಆ ಕರೆಂಟು ಹಿಮ್ಮುಖವಾಗಿ ಬೀದಿಯ ತಂತಿಗೆ ಹೋಗಿ, ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವ ತೆಗೆಯಬಹುದು.

ಬೆಳಕಿಗೆ ಟಾರ್ಚೇ ಸಾಕು. ಅದನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ನೀರು ತುಂಬಿದ ಪಾರದರ್ಶಕ ಬಾಟಲಿ ಇಟ್ಟರೆ ಬೆಳಕು ಕೋಣೆ ತುಂಬ ಹರಡುತ್ತದೆ.

ಪೈಪು

ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪೈಪು ಒಡೆಯುವುದು ಆ ಒತ್ತಡಕ್ಕೆ. ಹೊರಗೋಡೆಯ ಕಡೆಯ ನಲ್ಲಿಗಳಿಂದ ನೀರು ಸಣ್ಣದಾಗಿ ತೊಟ್ಟಿಕ್ಕುತ್ತಿರಲಿ, ಬಿಸಿ ತಣ್ಣೀರು ಎರಡೂ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ನಲ್ಲಿಯಲ್ಲಿ ನೀರು ನಿಂತೇ ಹೋದರೆ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿ ತೆರೆದೇ ಇಟ್ಟು, ಪೈಪಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ. ಬೆಂಕಿ ಹಿಡಿಯಬೇಡಿ.

ಇನ್ನು ಹೊತ್ತು ಹೋಗಬೇಕಲ್ಲ

ಮೊದಲ ಮೂರು ಗಂಟೆ ಹಬ್ಬ. ಆಮೇಲೆ ಶುರುವಾಗುತ್ತದೆ ನೋಡಿ. ಒಬ್ಬರು ಕಿಟಕಿಗೆ ಹೋಗಿ ಬರುತ್ತಾರೆ, ಮತ್ತೆ ಹೋಗುತ್ತಾರೆ. ಇನ್ನೊಬ್ಬರು ಸುಮ್ನೆ ಒಂದು ಸುತ್ತು ನೋಡಿಕೊಂಡು ಬರ್ತೀನಿ ಅಂತ ಬೂಟು ಹುಡುಕುತ್ತಾರೆ. ಆ ಬೂಟನ್ನು ತಡೆಯುವುದೇ ಈ ಭಾಗದ ಕೆಲಸ.

ನನ್ನ ಸೂತ್ರ ಸರಳ. ಕಣ್ಣಿನ ಕೆಲಸ ಹಗಲಿಗೆ, ಕಿವಿಯ ಕೆಲಸ ರಾತ್ರಿಗೆ. ಚಳಿಗಾಲದ ಹಗಲು ಚಿಕ್ಕದು, ಆ ಬೆಳಕನ್ನು ಹಾಳು ಮಾಡಬೇಡಿ. ಓದುವುದು, ಹೊಲಿಗೆ, ಜಿಗ್‌ಸಾ, ಚಿತ್ರ ಬರೆಯುವುದು, ವರ್ಷಗಳಿಂದ ಮುಂದೂಡಿದ ಹಳೇ ಫೋಟೊಗಳ ಪೆಟ್ಟಿಗೆ, ಬಿಚ್ಚಿಹೋದ ಗುಂಡಿಗಳು, ಎಲ್ಲಾ ಕಿಟಕಿ ಪಕ್ಕ ಕೂತು ಹಗಲಲ್ಲೇ ಮುಗಿಸಿ. ಕತ್ತಲಾದ ಮೇಲೆ ಕಥೆ, ಒಗಟು, ಹಾಡು, ರೇಡಿಯೊ. ಇದನ್ನು ಉಲ್ಟಾ ಮಾಡಿದವರ ಟಾರ್ಚ್ ಬ್ಯಾಟರಿ ಮೊದಲ ರಾತ್ರಿಯೇ ಮುಗಿದಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ.

ಗಂಟೆಗೊಮ್ಮೆ ಎದ್ದು ಮೈ ಅಲ್ಲಾಡಿಸಿ. ಕೋಣೆಯಲ್ಲೇ ಹತ್ತು ಸುತ್ತು, ಕೂತು ಏಳುವುದು, ಮಕ್ಕಳಿದ್ದರೆ ಬಲೂನು ನೆಲಕ್ಕೆ ಬೀಳದಂತೆ ತಟ್ಟುವ ಆಟ. ಬೆವರುವಷ್ಟು ಬೇಡ. ಮೈ ಬಿಸಿಯಾಗುತ್ತದೆ, ಜಗಳವೂ ಕಡಿಮೆಯಾಗುತ್ತದೆ.

ಆಟ ಆರಿಸುವಾಗ ಬೆರಳುಗಳನ್ನು ನೆನಪಿಡಿ. ಕೈಗವಸು ಹಾಕಿಕೊಂಡು ಇಸ್ಪೀಟು ಕಲಸಲು ಹೋದರೆ ಅರ್ಧ ಎಲೆ ನೆಲದ ಮೇಲಿರುತ್ತದೆ. ಕೈಗವಸು ತೆಗೆದರೆ ಹತ್ತು ನಿಮಿಷಕ್ಕೆ ಬೆರಳ ತುದಿ ಮರಗಟ್ಟುತ್ತದೆ. ಚೆಸ್, ಡೈಸ್, ದೊಡ್ಡ ಕಾಯಿಗಳ ಬೋರ್ಡ್ ಆಟ ಇದಕ್ಕಿಂತ ವಾಸಿ.

ಕತ್ತಲಲ್ಲಿ ಆಡುವುದಕ್ಕೆ ಒಂದು ಚೀಲ ಇದ್ದರೆ ಸಾಕು. ಮನೆಯ ಹತ್ತು ಸಣ್ಣ ವಸ್ತು ಒಳಗೆ ಹಾಕಿ: ಬೀಗದ ಕೈ, ಚಮಚ, ಬಾಚಣಿಗೆ, ಹಳೇ ಚಾರ್ಜರ್. ಒಬ್ಬರು ಒಳಗೆ ಕೈ ಹಾಕಿ ಮುಟ್ಟಿ, ಹೆಸರು ಹೇಳದೆ ವರ್ಣಿಸಬೇಕು. ಉಳಿದವರು ಊಹಿಸಬೇಕು. ಒಂದು ಬಾಚಣಿಗೆಯನ್ನು ಹಲ್ಲು ಅನ್ನುವ ಪದ ಬಳಸದೆ ವರ್ಣಿಸಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಇಪ್ಪತ್ತು ಪ್ರಶ್ನೆಗಳಲ್ಲಿ ಮನಸ್ಸಿನಲ್ಲಿರುವುದನ್ನು ಕಂಡುಹಿಡಿಯುವ ಆಟವೂ ಕತ್ತಲಿಗೆ ಹೇಳಿಮಾಡಿಸಿದ್ದು. ಒಬ್ಬೊಬ್ಬರು ಒಂದೊಂದು ವಾಕ್ಯ ಸೇರಿಸುತ್ತಾ ಕಥೆ ಕಟ್ಟುವುದು ಮಕ್ಕಳಿಗೆ ಇಷ್ಟ. ಎರಡನೇ ಸುತ್ತಿಗೇ ರಾಜ ಬಾಹ್ಯಾಕಾಶಕ್ಕೆ ಹೋಗಿರುತ್ತಾನೆ, ಹೋಗಲಿ ಬಿಡಿ.

ಮನೆಯಲ್ಲಿ ಹಿರಿಯರಿದ್ದರೆ ಹಳೇ ಕಾಲದ ಬಗ್ಗೆ ಹೇಳಿ ಅಂತ ಕೇಳಬೇಡಿ. ಅದಕ್ಕೆ ಏನಿದೆ ಹೇಳೋದು ಅನ್ನುವ ಉತ್ತರವೇ ಬರುವುದು. ಸಣ್ಣ ಪ್ರಶ್ನೆ ಕೇಳಿ. ನಿಮ್ಮ ಮೊದಲ ಸಂಬಳದಲ್ಲಿ ಏನು ತೆಗೆದುಕೊಂಡಿರಿ? ಶಾಲೆಯಲ್ಲಿ ಪಕ್ಕ ಯಾರು ಕೂರುತ್ತಿದ್ದರು? ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.

ಹದಿಹರೆಯದವರಿಗೆ ಆಟಕ್ಕಿಂತ ಅಧಿಕಾರ ಕೊಡುವುದು ಒಳ್ಳೆಯದು. ಇಂಟರ್‌ನೆಟ್ ಇಲ್ಲದೆ ಮುಖ ಊದಿಸಿಕೊಂಡವರನ್ನು ಮನೆಯ ಬ್ಯಾಟರಿ ಮಂತ್ರಿ ಮಾಡಿ. ಯಾರ ಫೋನು ಎಷ್ಟಿದೆ, ಯಾವಾಗ ಯಾವುದು ಚಾರ್ಜ್ ಆಗಬೇಕು, ಲೆಕ್ಕ ಅವರದು. ಕಿಟಕಿಯಿಂದಲೇ ಒಂದು ಕೊಂಬೆ ಗುರುತಿಟ್ಟು, ಅದರ ಮೇಲಿನ ಐಸ್ ಎಷ್ಟು ದಪ್ಪವಾಯಿತು ಅಂತ ಗಂಟೆಗೊಮ್ಮೆ ಚಿತ್ರ ಬರೆಯುವ ಕೆಲಸ ಚಿಕ್ಕವರಿಗಿರಲಿ. ಆದರೆ ಮರದ ಕಡೆಯ ಕಿಟಕಿಗೆ ಅಂಟಿಕೊಂಡು ಕೂರುವುದು ಬೇಡ. ಕೊಂಬೆ ಮುರಿಯುವಾಗ ಬಂದೂಕು ಹೊಡೆದ ಹಾಗೆ ಪಟ್ ಅನ್ನುತ್ತದೆ, ಆಮೇಲೆ ಗಾಜು ಚೂರಾದ ಸದ್ದು. ಮಕ್ಕಳು ಹೆದರುತ್ತಾರೆ. ಇಂಥ ಸದ್ದು ಬರುತ್ತದೆ ಅಂತ ಮೊದಲೇ ಹೇಳಿಟ್ಟರೆ ಅಷ್ಟು ಹೆದರುವುದಿಲ್ಲ.

ಸುದ್ದಿಯನ್ನು ದಿನಕ್ಕೆ ಮೂರು ಹೊತ್ತು ಕೇಳಿದರೆ ಸಾಕು. ಪದೇ ಪದೇ ಫೋನ್ ನೋಡಿದರೆ ಬ್ಯಾಟರಿಯೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ಒಂಟಿಯಾಗಿರುವ ನೆರೆಯವರಿಗೆ ಅದೇ ಹೊತ್ತಿಗೆ ಒಂದು ಮೆಸೇಜ್ ಹಾಕಿ.

ಒಂದೇ ಕೋಣೆಯಲ್ಲಿ ಎಲ್ಲರೂ ದಿನವಿಡೀ ಇದ್ದರೆ ಕಿರಿಕಿರಿ ಸಹಜ ಅಲ್ವಾ? ಮಧ್ಯಾಹ್ನ ಒಂದು ಗಂಟೆ ಯಾರೂ ಯಾರನ್ನೂ ಮಾತಾಡಿಸಬಾರದು ಅನ್ನುವ ನಿಯಮ ಮಾಡಿಕೊಳ್ಳಿ. ಓದಿ, ನಿದ್ದೆ ಮಾಡಿ, ಗೋಡೆ ನೋಡಿ. ಎರಡನೇ ದಿನಕ್ಕೆ ಈ ಒಂದು ಗಂಟೆಯೇ ಎಲ್ಲರಿಗೂ ಇಷ್ಟದ ಹೊತ್ತಾಗಿರುತ್ತದೆ.

ಹೊರಗೆ ಹೋಗಲೇಬೇಕಾದರೆ

ಮಳೆ ನಿಂತು ಬಿಸಿಲು ಬಂತು ಅಂದರೆ ಎಲ್ಲಾ ಮುಗಿಯಿತು ಅಂತಲ್ಲ. ಐಸ್ ಸಡಿಲವಾಗಿ ಮರದಿಂದ, ಸೂರಿನಿಂದ ತುಂಡು ತುಂಡಾಗಿ ಬೀಳುವುದು ಆಗಲೇ. ಫೋಟೊ ತೆಗೆಯುವ ಆಸೆಯಿದ್ದರೆ ಕಿಟಕಿಯಿಂದ ತೆಗೆಯಿರಿ.

ಹೋಗಲೇಬೇಕಾಗಿ ಬಂದರೆ ಕೈ ಜೇಬಿನಿಂದ ಹೊರಗಿರಲಿ. ಹೆಜ್ಜೆ ಚಿಕ್ಕದಾಗಿರಲಿ, ಪಾದ ಪೂರ್ತಿ ಒಟ್ಟಿಗೆ ನೆಲಕ್ಕೆ ಬೀಳಲಿ, ಭಾರ ಮುಂದಿನ ಕಾಲಿನ ಮೇಲಿರಲಿ. ಬೂಟಿನ ಮೇಲೆ ಹಳೇ ಕಾಲುಚೀಲ ಹಾಕಿಕೊಂಡರೆ ಜಾರುವುದು ಕಡಿಮೆ. ತಮಾಷೆಯಲ್ಲ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದರು. ಅದಕ್ಕೆ 2010ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು. ಮೆಟ್ಟಿಲಿಗೆ ಉಪ್ಪು ಹಾಕಬಹುದು, ಆದರೆ ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ಮರಳು ಎರಚಿ. ಕರಗಿಸುವುದಿಲ್ಲ, ಹಿಡಿತ ಕೊಡುತ್ತದೆ.

ಬಿದ್ದ ತಂತಿ ಕಂಡರೆ ಕನಿಷ್ಠ 10 ಮೀಟರ್ ದೂರ ನಿಲ್ಲಿ, ಅದರಲ್ಲಿ ಕರೆಂಟು ಇದೆ ಅಂತಲೇ ತಿಳಿಯಿರಿ. ಗಿಡಗಳ ಮೇಲಿನ ಐಸ್ ಬಡಿದು ಉದುರಿಸಬೇಡಿ, ಕೊಂಬೆಯೂ ಜೊತೆಗೇ ಬರುತ್ತದೆ. ಬಾಗಿದ ಎಳೆ ಮರಗಳು ಐಸ್ ಕರಗಿದ ಮೇಲೆ ಎಷ್ಟೋ ಸಲ ತಾವೇ ಏಳುತ್ತವೆ. ಕಾರಿನ ಗಾಜಿಗೆ ಬಿಸಿನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಕರೆಂಟು ಬಂದಾಗ

ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಮೊದಲು ಹೀಟರ್ ಮತ್ತು ಫ್ರಿಜ್, ಸ್ವಲ್ಪ ಹೊತ್ತು ಬಿಟ್ಟು ಉಳಿದವು. ಫ್ರೀಜರ್ ತೆರೆದು ಆ ಲೋಟದ ನಾಣ್ಯ ನೋಡಿ. ಮೇಲೇ ಇದ್ದರೆ ಒಳಗಿದ್ದದ್ದು ಕರಗಿಲ್ಲ. ತಳ ಸೇರಿದ್ದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ, ಆ ಆಹಾರ ಬಿಸಾಕಿ. ಫ್ರಿಜ್‌ನಲ್ಲಿ ಬೇಗ ಕೆಡುವಂಥದ್ದು 4 ಡಿಗ್ರಿಗಿಂತ ಬಿಸಿಯಾಗಿ 2 ಗಂಟೆ ಮೀರಿದ್ದರೆ ಅದನ್ನೂ ಎಸೆಯಿರಿ, ರುಚಿ ನೋಡಿ ನಿರ್ಧರಿಸಬೇಡಿ.

ಒಂದು ಸಲ ಬಂದ ಕರೆಂಟು ಮತ್ತೆ ಹೋಗುವುದು ಇಂಥ ದಿನಗಳಲ್ಲಿ ಮಾಮೂಲಿ. ಟಿವಿ ಹಾಕುವ ಮೊದಲು ಫೋನು, ಪವರ್ ಬ್ಯಾಂಕ್, ಟಾರ್ಚುಗಳನ್ನು ಚಾರ್ಜ್‌ಗೆ ಹಾಕಿ. ಖಾಲಿಯಾದ ಬಕೆಟ್ಟುಗಳನ್ನು ಮತ್ತೆ ತುಂಬಿಸಿಡಿ. ಕಿಟಕಿಯ ಕಂಬಳಿಯನ್ನು ಇನ್ನೊಂದು ರಾತ್ರಿ ಹಾಗೇ ಬಿಡಿ.